ಲೈಬ್ರರಿ ಕಥೆಗಳು, ಭಾಗ 4: ರಾಜೀನಾಮೆ ಕೊಡಲ್ಲ ಅಂದ ಮೇರಿ ಜೋನ್ಸ್

ನಿಮ್ಮ ಕೆಲಸದಲ್ಲಿ ಒಂದು ತಪ್ಪೂ ಇಲ್ಲ, ಆದ್ರೂ ಬಿಟ್ಟು ಹೋಗಿ ಅಂದ್ರೆ ಏನ್ ಮಾಡ್ತೀರಿ?

1905ರ ಜೂನ್. ಲಾಸ್ ಏಂಜಲೀಸ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥೆ ಮೇರಿ ಜೋನ್ಸ್. ಅಲ್ಲಿ ಆ ಹುದ್ದೆಗೆ ಬಂದವರಲ್ಲಿ ಗ್ರಂಥಾಲಯ ಶಿಕ್ಷಣ ಪಡೆದ ಮೊದಲಿಗರು ಇವರೇ. ಒಂದು ದಿನ ಆಡಳಿತ ಮಂಡಳಿ ಅಧ್ಯಕ್ಷ ಇಸಿಡೋರ್ ಡಾಕ್‌ವೀಲರ್ ರಾಜೀನಾಮೆ ಕೇಳಿದರು. ಕಾರಣ? ಲೈಬ್ರರಿ ನಡೆಸೋಕೆ ಗಂಡಸಿದ್ರೇ ಒಳ್ಳೇದಂತೆ! ತಮಾಷೆ ನೋಡಿ, 1880ರಲ್ಲಿ ಇದೇ ಲೈಬ್ರರಿಯನ್ನು ಆ ಊರು 18 ವರ್ಷದ ಮೇರಿ ಫಾಯ್ ಕೈಗೆ ಕೊಟ್ಟಿತ್ತು. ಹೌದು, ನಮ್ಮ ವಯಸ್ಸಿನ ಹುಡುಗಿ! ಅಲ್ಲಿಂದ 25 ವರ್ಷ ಅದನ್ನು ನಡೆಸಿದ್ದು ಹೆಂಗಸರೇ.

ಜೋನ್ಸ್ ಒಪ್ಪಲಿಲ್ಲ. ಅವರ ಪರವಾಗಿ ಸುಮಾರು ಸಾವಿರ ಮಹಿಳೆಯರು ಬೀದಿಗಿಳಿದರು. ಮಂಡಳಿ ಜಗ್ಗಲಿಲ್ಲ. ಕೊನೆಗೆ ಕುರ್ಚಿ ಸಿಕ್ಕಿದ್ದು ಪತ್ರಕರ್ತ ಚಾರ್ಲ್ಸ್ ಲಮ್ಮಿಸ್‌ಗೆ. ಒಹಾಯೋ ರಾಜ್ಯದಿಂದ ಲಾಸ್ ಏಂಜಲೀಸ್‌ಗೆ ನಡ್ಕೊಂಡೇ ಬಂದಿದ್ದ ಆಸಾಮಿ! ಲೈಬ್ರರಿ ತರಬೇತಿ ಮಾತ್ರ ಸೊನ್ನೆ. ಕೆಲಸಕ್ಕೆ ಬಾರದವರು ಅಂತಲೂ ಹೇಳೋಕಾಗಲ್ಲ. ನಂಬಿಕೆಗೆ ಯೋಗ್ಯವಲ್ಲದ ವೈದ್ಯಕೀಯ ಪುಸ್ತಕಗಳಿಗೆ ತಲೆಬುರುಡೆ ಗುರುತಿನ ಎಚ್ಚರಿಕೆ ಹಾಕಿಸಿದ್ದು ಇವರೇ. ಆದ್ರೆ ಅವರನ್ನು ತಂದ ರೀತಿ ಇದೆಯಲ್ಲ, ಅದು ನನಗಂತೂ ಒಪ್ಪಿಗೆಯಿಲ್ಲ. ತೆಗೆಯೋ, ನೇಮಿಸೋ ಅಧಿಕಾರ ಎಲ್ಲ ಮಂಡಳಿಯದ್ದು. ಬೀದಿಗಿಳಿದ ಹೆಂಗಸರಿಗೆ ಮತದಾನದ ಹಕ್ಕೂ ಇರಲಿಲ್ಲ! ಕ್ಯಾಲಿಫೋರ್ನಿಯಾದಲ್ಲಿ ಅದು ಸಿಕ್ಕಿದ್ದೇ 1911ರಲ್ಲಿ.

ಲಮ್ಮಿಸ್ 1910ರಲ್ಲಿ ಹೊರಟರು. ಆ ಕುರ್ಚಿಗೆ ಮತ್ತೆ ಒಬ್ಬ ಮಹಿಳೆ ಬಂದದ್ದು 1933ರಲ್ಲಿ, ಆಲ್ಥಿಯಾ ವಾರೆನ್. ಅವರ ಕಥೆ ಮುಂದಿನ ಭಾಗದಲ್ಲಿ.