ಪಶ್ಚಿಮ ತಾಲ್ಲೂಕುಗಳ ನೌಕರರು ಮತ್ತು ಹಣಕಾಸಿನ ತಿಳಿವಳಿಕೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ತಿಂಗಳ ಸಂಬಳದ ಮೇಲೆ ಸಂಸಾರ ನಡೆಸುವ ವರ್ಗ ಬೆಳೆದದ್ದು ಕಳೆದ ಎರಡು ತಲೆಮಾರುಗಳಲ್ಲಿ. ಶಾಲಾ ಶಿಕ್ಷಕರು, ನರ್ಸುಗಳು, ಪಂಚಾಯಿತಿ ಸಿಬ್ಬಂದಿ, ಬಸ್ ಚಾಲಕರು, ನಿರ್ವಾಹಕರು, ಬ್ಯಾಂಕ್ ಗುಮಾಸ್ತರು, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರುಗಳು ಈ ವರ್ಗದವರು. ಇವರಲ್ಲಿ ಬಹಳಷ್ಟು ಜನ ತಮ್ಮ ಮನೆತನದಲ್ಲಿ ಮೊದಲು ಸಂಬಳ ಎಣಿಸಿದವರು. ಶೇಂಗಾ, ಮೆಕ್ಕೆಜೋಳ, ಸಜ್ಜೆ ಬೆಳೆಯುವ ಒಣಬೇಸಾಯದ ಮನೆಗಳಲ್ಲಿ ದುಡ್ಡು ಸುಗ್ಗಿಗೆ ಬರುತ್ತಿತ್ತು, ಸಾಲವೂ ಸುಗ್ಗಿಗೇ ತೀರುತ್ತಿತ್ತು. ತಿಂಗಳು ತಿಂಗಳು ಬರುವ ದುಡ್ಡನ್ನು ಮೂವತ್ತು ವರ್ಷದ ಲೆಕ್ಕದಲ್ಲಿ ನೋಡುವ ರೂಢಿ ಆ ಮನೆಗಳಲ್ಲಿ ಇರಲಿಲ್ಲ. ಅದನ್ನು ಹೊರಗಿನಿಂದಲೇ ಕಲಿಯಬೇಕಾಯಿತು. ಇಂದು ಹಣಕಾಸು ಸಾಕ್ಷರತೆ ಎಂದೊಡನೆ ಷೇರುಪೇಟೆ, ಮ್ಯೂಚುವಲ್ ಫಂಡ್, ಮೊಬೈಲ್ ಆ್ಯಪ್ ಎನ್ನುವ ಮಾತು ಬರುತ್ತದೆ. ಓದುಬರಹ ಬಲ್ಲ ನೌಕರನಿಗೆ ಬುನಾದಿ ಪಾಠ ಬೇಕಿಲ್ಲ ಎಂಬ ಎಣಿಕೆಯೂ ಅದರ ಜೊತೆಗಿದೆ. ಈ ಸೀಮೆಯ ಅನುಭವ ಎರಡಕ್ಕೂ ವಿರುದ್ಧವಾಗಿದೆ.

ಮೊದಲ ಘಟ್ಟದ ಚರಿತ್ರೆ ಮುಖ್ಯವಾಗಿ ಸಾಲದ ಚರಿತ್ರೆ. ವಿಜಯನಗರ ಜಿಲ್ಲೆ ಆಗುವ ಮುನ್ನ ಈ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. ಆ ಗಾಳಿ ತುಂಗಭದ್ರೆ ದಾಟಿ ಇತ್ತಲೂ ಬೀಸಿತು. ಆದರೂ ಬಹುಕಾಲ ದಲ್ಲಾಳಿ ಅಂಗಡಿಯೇ ಇಲ್ಲಿಯ ಬ್ಯಾಂಕಾಗಿತ್ತು. ಸಂಬಳದಾರರಿಗೆ ಮೊದಲು ಸಿಕ್ಕಿದ ಶಿಸ್ತು ಕಡ್ಡಾಯ ಕಡಿತದ್ದು. 1891ರಲ್ಲಿ ಮೈಸೂರು ಸಂಸ್ಥಾನ ನೌಕರರಿಗಾಗಿ ಆರಂಭಿಸಿದ ಜೀವವಿಮೆ ಮುಂದೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ಆಗಿ ಇಲ್ಲಿಯ ನೌಕರರನ್ನೂ ಒಳಗೊಂಡಿತು. 1956ರಲ್ಲಿ ಎಲ್‌ಐಸಿ ಬಂತು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿ ಆರಂಭಿಸಿತು. ಪಿಗ್ಮಿ ಎನ್ನುವ ಹೆಸರು ಈ ಪೇಟೆಗಳಲ್ಲಿ ಇಂದಿಗೂ ದಿನಬಳಕೆಯ ಮಾತು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, ಅದೇ ವರ್ಷದ ಕೊನೆಗೆ ಜಿಲ್ಲೆಗೊಂದು ಬ್ಯಾಂಕಿಗೆ ಹೊಣೆ ವಹಿಸುವ ಲೀಡ್ ಬ್ಯಾಂಕ್ ಯೋಜನೆ ಬಂತು. ಈ ಘಟ್ಟ ಉಳಿಸುವುದನ್ನು ಕಲಿಸಿತು. ಉಳಿಸಿದ್ದರ ಲೆಕ್ಕ ಕೇಳುವುದನ್ನು ಕಲಿಸಲಿಲ್ಲ.

ನಿಜವಾದ ತಿರುವು ಗ್ರಾಮೀಣ ಬ್ಯಾಂಕುಗಳದು. 1975ರ ಸುಗ್ರೀವಾಜ್ಞೆಯ ಬೆನ್ನಲ್ಲೇ, ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ತೆರೆಯಿತು. ಅದು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿದಿದೆ. ಪ್ರಧಾನ ಕಚೇರಿ ಈಗಲೂ ಬಳ್ಳಾರಿಯಲ್ಲೇ ಇದೆ. ಹೆಸರು ಎಷ್ಟು ಬದಲಾದರೂ ಮೊದಲ ವರ್ಷಗಳಲ್ಲಿ ಅದು ಹಾಕಿದ ಅಡಿಪಾಯ ಬೇರೆಯೇ ಬಗೆಯದು. ಅದರ ಸಿಬ್ಬಂದಿಗೆ ಆಗ ಸಿಗುತ್ತಿದ್ದುದು ವಾಣಿಜ್ಯ ಬ್ಯಾಂಕಿನ ಸಂಬಳವಲ್ಲ, ರಾಜ್ಯ ಸರ್ಕಾರಿ ನೌಕರರ ಶ್ರೇಣಿಯ ಸಂಬಳ. ಕೌಂಟರಿನ ಒಳಗಿದ್ದವನೂ ಹೊರಗಿದ್ದ ಮೇಷ್ಟ್ರೂ ಒಂದೇ ಅಳತೆಯ ಸಂಬಳದಲ್ಲಿ, ಒಂದೇ ಬಗೆಯ ಮನೆಯಿಂದ ಬಂದವರಾಗಿದ್ದರು. ಮಾತು ಸಲೀಸಾಗಿತ್ತು.

ಆ ಪೀಳಿಗೆಯ ಪಾಠಕ್ಕೆ ಪಠ್ಯಪುಸ್ತಕ ಇರಲಿಲ್ಲ, ಸಾಲದ ಕಾಗದವೇ ಪಠ್ಯ. ಸಹಿ ಹಾಕುವ ಮುನ್ನ ಸಾಲಗಾರನಿಗೂ ಜಾಮೀನುದಾರನಿಗೂ ಕಾಗದ ಓದಿ ಹೇಳುವುದು ಒಳ್ಳೆಯ ಶಾಖೆಗಳ ಪದ್ಧತಿಯಾಗಿತ್ತು. ಬಡ್ಡಿಯ ಪಾಠವೂ ಅಲ್ಲೇ ನಡೆಯುತ್ತಿತ್ತು. ಊರಲ್ಲಿ ನೂರಕ್ಕೆ ಎರಡು ರೂಪಾಯಿ ಎಂದರೆ ತಿಂಗಳ ಲೆಕ್ಕ, ವರ್ಷಕ್ಕೆ ಶೇ 24. ಬ್ಯಾಂಕಿನ ಶೇ 12 ಎಂದರೆ ವರ್ಷದ ಲೆಕ್ಕ, ಅದೂ ತೀರಿಸಿದಂತೆ ಇಳಿಯುವ ಬಾಕಿಯ ಮೇಲೆ. ಇವೆರಡರ ನಡುವೆ ಮೂರನೆಯ ಲೆಕ್ಕವೊಂದಿದೆ. ಒಂದು ಲಕ್ಷ ಸಾಲಕ್ಕೆ ಮೂರು ವರ್ಷ ಶೇ 12ರ ಫ್ಲಾಟ್ ಬಡ್ಡಿ ಎಂದರೆ ಬಡ್ಡಿ 36,000 ರೂಪಾಯಿ. 36 ಕಂತಿಗೆ ಹಂಚಿದರೆ ತಿಂಗಳಿಗೆ ಸುಮಾರು 3,778 ರೂಪಾಯಿ. ಬಾಕಿ ಇಳಿದರೂ ಇಲ್ಲಿ ಬಡ್ಡಿ ಇಳಿಯುವುದಿಲ್ಲ. ಆದ್ದರಿಂದ ಬ್ಯಾಂಕಿನ ರೀತಿಯಲ್ಲಿ ಎಣಿಸಿದರೆ ಅದು ಶೇ 21ಕ್ಕೂ ಹೆಚ್ಚು. ಬೈಕು, ಟ್ರ್ಯಾಕ್ಟರು, ಲಾರಿ ಕೊಂಡ ಎಷ್ಟೋ ಮನೆಗಳು ಈ ಒಂದು ಲೆಕ್ಕ ಗೊತ್ತಿಲ್ಲದೆ ವರ್ಷಗಟ್ಟಲೆ ದುಡಿದು ಕಟ್ಟಿವೆ. ಹತ್ತು ನಿಮಿಷದಲ್ಲಿ ಕಲಿಸಬಹುದಾದ ಇದಕ್ಕಿಂತ ಬೆಲೆಯುಳ್ಳ ಪಾಠ ಹಣಕಾಸಿನಲ್ಲಿ ಇನ್ನೊಂದಿಲ್ಲ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. 2000ದ ಹೊತ್ತಿಗೆ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಇವನ್ನು ಬಡ ಹೆಣ್ಣುಮಕ್ಕಳ ಕಾರ್ಯಕ್ರಮಗಳೆಂದಷ್ಟೇ ಬರೆಯುವುದುಂಟು. ಆದರೆ ಸಂಘಗಳನ್ನು ಕಟ್ಟಿ, ನಡಾವಳಿ ಬರೆದು, ಉಳಿತಾಯ, ಸಾಲ, ಬಡ್ಡಿಯ ಪುಸ್ತಕಗಳನ್ನು ಬೇರೆಬೇರೆ ಇಡಲು ಕಲಿತ ಅಂಗನವಾಡಿ ಕಾರ್ಯಕರ್ತೆಯರೂ ದುಡಿಯುವ ವರ್ಗದವರೇ. ವಾರದ ಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದುವ ಆ ಕ್ರಮಕ್ಕೆ ಸಮನಾದದ್ದು ತಾಲ್ಲೂಕಿನ ಯಾವ ನೌಕರರ ಸಂಘದಲ್ಲೂ ಬೆಳೆಯಲಿಲ್ಲ. ನೌಕರರಲ್ಲಿ ಬೆಳೆದದ್ದು ಚೀಟಿ. ಇಪ್ಪತ್ತು ಜನ ತಿಂಗಳಿಗೆ 5,000 ಹಾಕಿದರೆ ಲಕ್ಷದ ಚೀಟಿ. ತುರ್ತಿದ್ದವರು ಮೊದಲ ತಿಂಗಳುಗಳಲ್ಲೇ 30,000 ಬಿಟ್ಟು 70,000ಕ್ಕೆ ಎತ್ತುತ್ತಾರೆ. ಬಿಟ್ಟ ಹಣವೇ ಬಡ್ಡಿ ಎಂಬುದು ಎತ್ತುವವರಿಗೆ ಹೊಳೆಯುವುದು ತಡವಾಗಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತ ಚೀಟಿಗೂ ಸ್ಟಾಫ್ ರೂಮಿನ ಚೀಟಿಗೂ ಇರುವ ಅಂತರ, ನಡೆಸುವವರು ಕೈಯೆತ್ತಿದ ದಿನ ಮಾತ್ರ ಗೊತ್ತಾಗುತ್ತದೆ.

ಈ ಸೀಮೆಗೆ ಕಠಿಣ ಪಾಠ ಕಲಿಸಿದ್ದು ಗಣಿ. ಕಬ್ಬಿಣದ ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಸಂಡೂರಿಗೆ ಹೊಂದಿಕೊಂಡ ಕೂಡ್ಲಿಗಿಯಂಥ ಕಡೆಗಳಲ್ಲಿ ಹೊಲದವರು ಲಾರಿ ಮಾಲೀಕರಾದರು. ಮನೆಯಲ್ಲಿ ನೌಕರಿಯಿದ್ದ ಅಣ್ಣನೋ ಭಾವನೋ ಅಂಥ ಸಾಲಕ್ಕೆ ಜಾಮೀನು ನಿಲ್ಲುವುದು ಸಹಜವಾಗಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಮೊದಲು ಹಿಡಿಯಿರಿ ಎನ್ನುವ ಹಕ್ಕು ಅವನಿಗೆ ಸಾಮಾನ್ಯವಾಗಿ ಇಲ್ಲ. ಲಾರಿ ಓಡಿಸದವನ ಮನೆಗೆ ಬ್ಯಾಂಕಿನ ನೋಟಿಸು ಬರುವುದಕ್ಕೆ ಈ ಕಲಮೇ ಕಾರಣ. ಶಿಕ್ಷಕರ ಪತ್ತಿನ ಸಂಘಗಳಲ್ಲಿ ಇಂದಿಗೂ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ನಡೆದೇ ಇದೆ.

ಸರ್ಕಾರಿ ಮಟ್ಟದಲ್ಲಿ ಹಣಕಾಸು ಸಾಕ್ಷರತೆ ಎಂಬ ಹೆಸರಿನ ಚಳವಳಿ ರೂಪ ತಾಳಿದ್ದು 2007ರ ನಂತರ. ರಿಸರ್ವ್ ಬ್ಯಾಂಕು ಮಕ್ಕಳಿಗಾಗಿ ರಾಜು ಮತ್ತು ಹಣದ ಮರದ ಚಿತ್ರಕಥೆ ತಂದಿತು. ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರಗಳು ತೆರೆದವು. 2013ರಲ್ಲಿ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ ಹುಟ್ಟಿತು, 2014ರ ಆಗಸ್ಟ್ 28ರಿಂದ ಜನಧನ ಖಾತೆಗಳು ಬಂದವು. ಆ ಕೇಂದ್ರದ 2019ರ ಸಮೀಕ್ಷೆಯಂತೆ ಕನಿಷ್ಠ ಹಣಕಾಸು ಸಾಕ್ಷರತೆ ಇದ್ದವರು ದೇಶದಲ್ಲಿ ಶೇ 27 ಮಾತ್ರ. ಗ್ರಾಮೀಣ ಶಾಖೆಗಳು ತಿಂಗಳ ಮೂರನೇ ಶುಕ್ರವಾರ ಸಂಜೆ ಶಿಬಿರ ನಡೆಸಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಮಾರ್ಚಿನ ಸುತ್ತೋಲೆ ಹೇಳಿತು. ಸಾಕ್ಷರತಾ ಕೇಂದ್ರಗಳ ವಿಶೇಷ ಶಿಬಿರಗಳಿಗೆ ಐದು ಗುಂಪುಗಳನ್ನೂ ಗುರುತಿಸಿತು: ರೈತರು, ಸಣ್ಣ ಉದ್ದಿಮೆದಾರರು, ಸ್ವಸಹಾಯ ಸಂಘಗಳು, ಶಾಲಾ ಮಕ್ಕಳು, ಹಿರಿಯ ನಾಗರಿಕರು. ಶಾಲೆ ಮುಗಿಸಿದವರು ಮುಪ್ಪು ಬರುವ ತನಕ ಸಂಬಳಕ್ಕೆ ದುಡಿದರೆ ಅವರಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಶಿಕ್ಷಕರಿಗೆ ತರಬೇತಿ ಕೊಟ್ಟದ್ದೂ ಮಕ್ಕಳಿಗೆ ಕಲಿಸಲೆಂದು. ಅವರದೇ ಸಂಬಳದ ಚೀಟಿಯ ಮಾತು ಅದರಲ್ಲಿ ಬರಲಿಲ್ಲ.

ಈ ತೆರಪನ್ನು ಕೊಂಚ ತುಂಬಿದ್ದು ಕನ್ನಡ ಪತ್ರಿಕೆಗಳು. ಉದಯವಾಣಿಯಲ್ಲಿ ಜಯದೇವ ಪ್ರಸಾದ ಮೊಳೆಯಾರರ ‘ಕಾಸು ಕುಡಿಕೆ’, ಪ್ರಜಾವಾಣಿಯಲ್ಲಿ ಕೆ.ಜಿ. ಕೃಪಾಲರ ಷೇರುಪೇಟೆ ಬರಹ, ಯು.ಪಿ. ಪುರಾಣಿಕರ ಪ್ರಶ್ನೋತ್ತರ, ಕನ್ನಡಪ್ರಭದಲ್ಲಿ ರಂಗಸ್ವಾಮಿ ಮೂಕನಹಳ್ಳಿಯವರ ‘ಹಣಕ್ಲಾಸು’ ತಾಲ್ಲೂಕು ಕೇಂದ್ರಗಳ ಓದುಗರನ್ನೂ ತಲುಪಿದವು. ಇವುಗಳಲ್ಲಿ ಪ್ರಶ್ನೋತ್ತರದ ಬಗೆಯೇ ಮೇಲು. ಅಲ್ಲಿ ಸಂಬಳ, ಸಾಲ, ಮಕ್ಕಳ ವಯಸ್ಸು, ನಿವೃತ್ತಿಯ ವರ್ಷ ಎಲ್ಲವೂ ಒಂದೇ ಪತ್ರದಲ್ಲಿ ಇರುತ್ತಿತ್ತು, ಉತ್ತರ ಆ ಮನೆಗೆ ಹೊಂದುತ್ತಿತ್ತು.

2020ರ ನಂತರದ ಘಟ್ಟ ಮೊಬೈಲಿನದು. ಹೊಸದಾಗಿ ನೌಕರಿಗೆ ಸೇರಿದವರು ಇಂದು ಹಣದ ಮಾತು ಕಲಿಯುವುದು ಯೂಟ್ಯೂಬಿನಲ್ಲಿ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಈ ಸೀಮೆಯ ಯುವಕ ಯುವತಿಯರಿಗೆ ನೌಕರಿಯ ಬಾಗಿಲು ತೆರೆದಿದೆ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಹೋರಾಟದ ನಂತರ ಬಳ್ಳಾರಿಗೆ ಮರಳಿ ಆ ಸೌಲಭ್ಯ ಪಡೆಯಿತು. ಮೊದಲ ಸಂಬಳದೊಂದಿಗೇ ಮ್ಯೂಚುವಲ್ ಫಂಡಿನ ಕಂತಿನ ಹೂಡಿಕೆ (ಎಸ್‌ಐಪಿ), ಟ್ರೇಡಿಂಗ್ ಖಾತೆ ತೆರೆಯುವುದು ಈಗ ರೂಢಿ. ದೀರ್ಘಾವಧಿಗೆ ಎಸ್‌ಐಪಿ ಒಳ್ಳೆಯದೇ. ಆದರೆ ಶೇ 21ರ ಸಾಲ ತಲೆಯ ಮೇಲಿಟ್ಟುಕೊಂಡು ಶೇ 12ರ ಆಸೆಗೆ ಹೂಡಿಕೆ ಮಾಡುವುದು ಲೆಕ್ಕಕ್ಕೆ ಒಪ್ಪುವುದಿಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ ಬಿಡಿ ಹೂಡಿಕೆದಾರರ ಪೈಕಿ ಶೇ 93ರಷ್ಟು ಜನ ಮೂರು ವರ್ಷಗಳಲ್ಲಿ ಹಣ ಕಳೆದುಕೊಂಡರೆಂದು 2024ರಲ್ಲಿ ಸೆಬಿಯೇ ಹೇಳಿತು. ಈ ಘಟ್ಟದ ಬೋಧಕರು ಹೂಡಿಕೆಯಿಂದ ಆರಂಭಿಸುತ್ತಾರೆ. ಗ್ರಾಮೀಣ ಬ್ಯಾಂಕಿನ ಪೀಳಿಗೆ ಸಾಲದಿಂದ ಆರಂಭಿಸಿತ್ತು, ಸಾಲವೇ ಮೊದಲು ಬಾಗಿಲಿಗೆ ಬರುವ ಊರುಗಳಿಗೆ ಅದೇ ಸರಿಯಾದ ಕ್ರಮ.

ಯಾರೂ ಕಲಿಸದೆ ಉಳಿದ ವಿಷಯಗಳು ಹಲವಿವೆ. ಒಬ್ಬ ಸರ್ಕಾರಿ ನೌಕರರ ಸಂಬಳದ ಚೀಟಿಯನ್ನೇ ನೋಡಬಹುದು. ಎಡಕ್ಕೆ ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ; ಬಲಕ್ಕೆ ಕೆಜಿಐಡಿ, ಗುಂಪು ವಿಮೆ, ವೃತ್ತಿ ತೆರಿಗೆ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್), ಸಂಘದ ಸಾಲ, ಎಲ್‌ಐಸಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರ ಎನ್‌ಪಿಎಸ್ ಕಡಿತ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10. ಅವರ ಮುಪ್ಪಿನ ಆಸರೆಯಾದ ಆ ಹಣ ಯಾವ ಫಂಡಿನಲ್ಲಿದೆ, ಸರ್ಕಾರದ ಪಾಲು ತಿಂಗಳು ತಪ್ಪದೆ ಜಮೆಯಾಗಿದೆಯೇ ಎಂದು ಖಾತೆ ತೆರೆದು ನೋಡುವ ಅಭ್ಯಾಸ ಬಹಳ ಕಡಿಮೆ. ಹಳೆಯ ಪಿಂಚಣಿಗಾಗಿ ನಡೆದಿರುವ ಹೋರಾಟ ನ್ಯಾಯವಾದದ್ದು. ಅದರ ಫಲ ಬರುವವರೆಗೆ ಇರುವ ಖಾತೆಯನ್ನು ಕಾಯುವುದೂ ಅಷ್ಟೇ ಅಗತ್ಯ. ಕೆಜಿಐಡಿ ಪಾಲಿಸಿ 55ನೇ ವಯಸ್ಸಿಗೆ ಮುಗಿಯುವುದರಿಂದ ಸೇವೆಯ ಕೊನೆಯ ವರ್ಷಗಳಿಗೆ ಆ ರಕ್ಷಣೆ ಇರುವುದಿಲ್ಲ ಎಂಬುದನ್ನೂ ಹೇಳುವವರಿಲ್ಲ.

ಫೆಬ್ರುವರಿಯಲ್ಲಿ ತೆರಿಗೆ ಉಳಿಸಲೆಂದು ಅವಸರದಲ್ಲಿ ಪಾಲಿಸಿ ಕೊಳ್ಳುವ ಪದ್ಧತಿ ಇನ್ನೊಂದು. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಅದರಲ್ಲಿ 80ಸಿ ವಿನಾಯಿತಿ ಇಲ್ಲ. ಕಾರಣ ಹೋದರೂ ಕೊಳ್ಳುವುದು ನಿಂತಿಲ್ಲ. ಠೇವಣಿಯ ವಿಷಯದಲ್ಲಿ ಗೊಂದಲ ಇನ್ನೂ ಆಳ. 2020ರ ಫೆಬ್ರುವರಿಯಿಂದ ಬ್ಯಾಂಕ್ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯಿದೆ. ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯ. ಪೇಟೆಬೀದಿಯ ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಅದಿಲ್ಲ. ನಿವೃತ್ತಿಯ ಗಂಟನ್ನು ಒಂದು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಅಲ್ಲಿಡುವ ಮುನ್ನ ಈ ಮಾತು ಕಿವಿಗೆ ಬೀಳಬೇಕು.

ಹೊರಗುತ್ತಿಗೆ ನೌಕರರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಸಂಬಳದಲ್ಲಿ ಶೇ 12 ಭವಿಷ್ಯನಿಧಿ, 21,000 ರೂಪಾಯಿಯೊಳಗಿನವರಿಗೆ ಶೇ 0.75 ಇಎಸ್‌ಐ ಕಡಿತವಾಗುತ್ತದೆ. ಗುತ್ತಿಗೆದಾರರು ಬದಲಾದಂತೆ ಖಾತೆಗಳೂ ಹರಿದುಹೋಗುತ್ತವೆ. ಒಬ್ಬರಿಗೆ ಒಂದೇ ಭವಿಷ್ಯನಿಧಿ ಸಂಖ್ಯೆ (ಯುಎಎನ್) ಎಂಬ ನಿಯಮ 2014ರಿಂದ ಇದ್ದರೂ ಅದರ ಪಾಸ್‌ಬುಕ್ ತೆರೆದು ತಿಂಗಳ ಜಮೆ ನೋಡುವುದನ್ನು ಅವರಿಗೆ ಕಲಿಸುವ ಕಚೇರಿ ತಾಲ್ಲೂಕಿನಲ್ಲಿಲ್ಲ. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಾಗ ಚರ್ಚೆಯೆಲ್ಲ ಕೂಲಿಕಾರ್ಮಿಕರ ಸುತ್ತಲೇ ನಡೆಯಿತು. ಕಡಿಮೆ ಸಂಬಳದ ಈ ನೌಕರರೂ ಅದೇ ಸಾಲದ ಬಾಗಿಲಿಗೆ ಹೋಗುತ್ತಾರೆಂಬುದು ಮಾತಿಗೆ ಬರಲಿಲ್ಲ.

ಸರ್ಕಾರಿ ನೌಕರಿಗೆ ಸೇರಿದವರಿಗೆ ಬುನಾದಿ ತರಬೇತಿ ಉಂಟು. ಅಲ್ಲಿ ಸೇವಾ ನಿಯಮಗಳು, 1958ರ ಹಣಕಾಸು ಸಂಹಿತೆ, ಖಜಾನೆ ಬಿಲ್ಲುಗಳ ಕ್ರಮ ಎಲ್ಲವನ್ನೂ ಕಲಿಸುತ್ತಾರೆ. ಸರ್ಕಾರದ ಹಣವನ್ನು ಹೇಗೆ ಬರೆದಿಡಬೇಕೆಂದು ಬಲ್ಲ ಆ ನೌಕರರಿಗೆ ತಮ್ಮ ಹಣದ ಬಗ್ಗೆ ಅರ್ಧ ದಿನದ ಪಾಠವೂ ಸಿಗುವುದಿಲ್ಲ. ಸಂಬಳದ ಚೀಟಿ ಓದುವುದು, ಬಡ್ಡಿಯ ಮೂರು ಲೆಕ್ಕ, ಜಾಮೀನಿನ ಹೊಣೆ, ಠೇವಣಿ ವಿಮೆ, ಎನ್‌ಪಿಎಸ್ ಮತ್ತು ಯುಎಎನ್ ಖಾತೆ, ಸೈಬರ್ ವಂಚನೆಯಾದರೆ ಕೂಡಲೇ 1930ಕ್ಕೆ ಕರೆ, ಇಷ್ಟು ಅದರಲ್ಲಿ ಸೇರಿದರೆ ಸಾಕು. ತಾಲ್ಲೂಕಿನ ಗ್ರಾಮೀಣ ಬ್ಯಾಂಕ್ ಶಾಖೆಯ ಮೂರನೇ ಶುಕ್ರವಾರದ ಶಿಬಿರವನ್ನು ವರ್ಷಕ್ಕೆರಡು ಸಲವಾದರೂ ಶಿಕ್ಷಕರ ಭವನದಲ್ಲೋ ಬಸ್ ಡಿಪೊದಲ್ಲೋ ನಡೆಸಲು ಹೊಸ ಆದೇಶ ಬೇಕಿಲ್ಲ. ಶಾಖೆಯೂ ನೌಕರರ ಸಂಘವೂ ಮಾತಾಡಿಕೊಂಡರೆ ಆಗುವ ಕೆಲಸ ಅದು.