ಬಿಟ್ಟುಹೋದ ಕೋಡ್‌ಗೆ ಎಂಟು ಜನ ವಾರಸುದಾರರು: ಅಪಾಚೆ ಸರ್ವರ್ ಹುಟ್ಟಿದ ಕಥೆ

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಇದ್ರೂ ಈ ಅನುಭವ ನಿಮಗೆ ಆಗಿರುತ್ತೆ. ಟೀಮ್‌ನಲ್ಲಿ ಎಲ್ಲಾ ಗೊತ್ತಿದ್ದ ಒಬ್ಬರು ಪೇಪರ್ ಹಾಕಿ ಹೋಗ್ತಾರೆ. ಅವರು ಬರೆದ ಕೋಡ್ ಮಾತ್ರ ಪ್ರೊಡಕ್ಷನ್‌ನಲ್ಲಿ ಓಡ್ತಾನೇ ಇರುತ್ತೆ. ಬಗ್ ಬಂದ್ರೆ ಯಾರನ್ನ ಕೇಳೋದು?

1994ರಲ್ಲಿ ಇಡೀ ವೆಬ್‌ಗೇ ಈ ಪರಿಸ್ಥಿತಿ ಬಂದಿತ್ತು.

ಆಗ ಅತಿ ಹೆಚ್ಚು ಬಳಕೆಯಲ್ಲಿದ್ದ ವೆಬ್ ಸರ್ವರ್ ಅಂದ್ರೆ ಎಚ್‌ಟಿಟಿಪಿಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಅದನ್ನು ಬರೆದಿದ್ದರು. 1994ರ ಮಧ್ಯದಲ್ಲಿ ಅವರು ಎನ್‌ಸಿಎಸ್‌ಎ ಬಿಟ್ಟರು; ಸರ್ವರ್‌ನ ಕೆಲಸ ಅಲ್ಲಿಗೇ ನಿಂತಿತು. ಆದರೆ ಬಳಸುವವರ ಕೆಲಸ ನಿಲ್ಲಬೇಕಲ್ಲ? ಒಬ್ಬೊಬ್ಬ ವೆಬ್‌ಮಾಸ್ಟರೂ ತನ್ನ ತೊಂದರೆಗೆ ತಾನೇ ಪ್ಯಾಚ್ ಬರ್ಕೊಂಡ. ಒಂದೇ ಬಗ್ಗನ್ನು ಹತ್ತು ಕಡೆ ಹತ್ತು ಜನ ಸರಿಮಾಡ್ತಿದ್ರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

ಬ್ರಯಾನ್ ಬೆಹ್ಲೆನ್‌ಡಾರ್ಫ್ ಮತ್ತು ಕ್ಲಿಫ್ ಸ್ಕೋಲ್ನಿಕ್ ಒಂದು ಮೇಲಿಂಗ್ ಲಿಸ್ಟ್ ಮಾಡಿ ಇವರನ್ನೆಲ್ಲ ಒಟ್ಟಿಗೆ ತಂದರು. ಕ್ಯಾಲಿಫೋರ್ನಿಯಾದ ಒಂದು ಮಷೀನ್‌ನಲ್ಲಿ ಎಲ್ಲರಿಗೂ ಲಾಗಿನ್ ಕೊಟ್ಟರು. 1995ರ ಫೆಬ್ರವರಿ ಮುಗಿಯುವಷ್ಟರಲ್ಲಿ ಎಂಟು ಜನರ ಗುಂಪು ಸಿದ್ಧವಾಯಿತು. ರಾಯ್ ಫೀಲ್ಡಿಂಗ್ ಆಗಿನ್ನೂ ವಿದ್ಯಾರ್ಥಿ. ರಾಬ್ ಹಾರ್ಟಿಲ್ ಸಿನಿಮಾ ಮಾಹಿತಿಯ ಐಎಂಡಿಬಿ ಕಡೆಯವರು. ಎನ್‌ಸಿಎಸ್‌ಎಯ 1.3 ಆವೃತ್ತಿಯನ್ನು ತಳಪಾಯ ಮಾಡ್ಕೊಂಡು, ಕೈಯಲ್ಲಿದ್ದ ಪ್ಯಾಚ್‌ಗಳನ್ನೆಲ್ಲ ಅದಕ್ಕೆ ಸೇರಿಸಿ, ಏಪ್ರಿಲ್‌ನಲ್ಲಿ ಅಪಾಚೆ 0.6.2 ಹೊರಬಿಟ್ಟರು.

ಕೋಡ್ ಒಟ್ಟುಮಾಡೋದು ಸುಲಭ. ಬೇರೆ ಬೇರೆ ಊರಿನಲ್ಲಿರೋ, ಬಾಸ್ ಇಲ್ಲದ, ಸಂಬಳ ಇಲ್ಲದ ಜನ ಜಗಳ ಆಡದೆ ತೀರ್ಮಾನ ತಗೊಳ್ಳೋದು ಹೇಗೆ? ಇವರು ಮೇಲ್‌ನಲ್ಲೇ ವೋಟಿಂಗ್ ಶುರುಮಾಡಿದರು. ಒಪ್ಪಿದ್ರೆ +1, ಒಪ್ಪದಿದ್ರೆ -1. ಕ್ರಮೇಣ ನಿಯಮ ಗಟ್ಟಿಯಾಯಿತು: ಕೋಡ್ ಬದಲಾವಣೆಗೆ ಮೂರು +1 ಬೇಕು, ಒಂದು -1 ಬಿದ್ದರೂ ನಿಲ್ಲುತ್ತೆ. ಆದ್ರೆ -1 ಹಾಕಿದವರು ಕಾರಣ ಕೊಡಲೇಬೇಕು. ಸುಮ್ಮನೆ ‘ಬೇಡ’ ಅನ್ನೋ ಹಾಗಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅಷ್ಟರಲ್ಲಿ ಎನ್‌ಸಿಎಸ್‌ಎಯಲ್ಲೂ ಕೆಲಸ ಮತ್ತೆ ಶುರುವಾಗಿತ್ತು. ಅದನ್ನು ನೋಡ್ಕೊಳ್ತಿದ್ದ ಬ್ರ್ಯಾಂಡನ್ ಲಾಂಗ್, ಬೆತ್ ಫ್ರಾಂಕ್ ಇಬ್ಬರೂ ಮಾರ್ಚ್‌ನಲ್ಲೇ ಈ ಲಿಸ್ಟ್‌ಗೆ ಗೌರವ ಸದಸ್ಯರಾಗಿ ಬಂದರು. ‘ಅಸಲಿ ನಮ್ಮದು, ನಕಲಿ ನಿಮ್ಮದು’ ಅಂತ ಕಿತ್ತಾಡೋ ಬದಲು ಐಡಿಯಾ, ಫಿಕ್ಸ್ ಎಲ್ಲ ಹಂಚ್ಕೊಂಡರು.

ದೊಡ್ಡ ಪರೀಕ್ಷೆ ಆಮೇಲೆ ಬಂತು. ಗುಂಪಿನ ರಾಬರ್ಟ್ ಥಾ ಸರ್ವರ್‌ನ ರಚನೆಯನ್ನೇ ಹೊಸದಾಗಿ ಬರೆದು ತಂದರು. ಅದರ ಗುಟ್ಟಿನ ಹೆಸರು ‘ಶಂಭಲ’. ಹೌದು, ನಮ್ಮ ಪುರಾಣದಲ್ಲಿ ಕಲ್ಕಿ ಹುಟ್ಟುವ ಊರು! ಮುಖ್ಯ ಕೋಡ್ ಮುಟ್ಟದೆ ಹೊರಗಿನವರೂ ಮಾಡ್ಯೂಲ್ ಬರೆದು ಸೇರಿಸಬಹುದಾದ ರಚನೆ ಅದು. ತಿಂಗಳುಗಟ್ಟಲೆ ತೇಪೆ ಹಾಕಿ ಬೆಳೆಸಿದ ಕೋಡನ್ನು ಬಿಡೋದು ಯಾರಿಗೆ ಸುಲಭ? ಆದರೂ ಜುಲೈನಲ್ಲಿ ಗುಂಪು ಅದಕ್ಕೇ ಹೊರಳಿತು. ಹೊಸಬರು ಬರೋಕೆ ಬಾಗಿಲು ತೆರೆದಿದ್ದೇ ಇಲ್ಲಿ. 1995ರ ಡಿಸೆಂಬರ್ 1ಕ್ಕೆ ಅಪಾಚೆ 1.0 ಬಂತು. 1996ರಲ್ಲಿ ಅದು ಜಗತ್ತಿನ ನಂಬರ್ ಒನ್ ವೆಬ್ ಸರ್ವರ್. 1999ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು.

ಮೆಕೂಲ್ ಹೋದದ್ದು ತಪ್ಪಲ್ಲ, ಯಾರಾದ್ರೂ ಹೋಗ್ತಾರೆ, ನಾವೂ ಊರು ಬಿಟ್ಟು ಬಂದವರೇ. ಒಬ್ಬರು ಹೋದಾಗ ನಿಂತುಹೋದ ಕೆಲಸವನ್ನು, ಮುಂದೆ ಯಾರು ಹೋದರೂ ನಿಲ್ಲದ ಹಾಗೆ ಈ ಎಂಟು ಜನ ಕಟ್ಟಿದರು. ಇವತ್ತು ನಿಮಗೆ ಮಾತ್ರ ಗೊತ್ತಿರೋ ಕೋಡ್ ಯಾವುದು? ನಾಳೆ ಆಫೀಸಿಗೆ ಹೋದಾಗ ಪಕ್ಕದವರನ್ನ ಕೂರಿಸ್ಕೊಂಡು ಒಂದರ್ಧ ಗಂಟೆ ತೋರಿಸಿ.