ಸ್ಪೋರ್ಟ್ಸ್ ಕಾರಿನ ಮುಂಗಾಜು ಬದಲಿಸುವ ಮುನ್ನ: ಶಿಡ್ಲಘಟ್ಟ ಸೀಮೆಯಿಂದ ಒಂದು ಟಿಪ್ಪಣಿ

ರಜಾದಿನದ ಬೆಳಗ್ಗೆ ನಂದಿ ಬೆಟ್ಟದ ದಾರಿ ಹಿಡಿಯುವ ಸ್ಪೋರ್ಟ್ಸ್ ಕಾರುಗಳು ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸವಲ್ಲ. ಬೆಟ್ಟ ನೋಡಿ ಹಿಂತಿರುಗದೆ ಶಿಡ್ಲಘಟ್ಟ, ಚಿಂತಾಮಣಿಯ ಕಡೆಗೆ ಹೊರಳುವವೂ ಉಂಟು. ಅದೇ ರಸ್ತೆಗಳಲ್ಲಿ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳೂ ಓಡಾಡುತ್ತವೆ. ಕ್ವಾರಿ, ಕ್ರಷರುಗಳ ನಾಡಿನಲ್ಲಿ ಮುಂಗಾಜಿಗೆ ಕಲ್ಲು ಬೀಳುವುದು ಅಪರೂಪವೇನಲ್ಲ. ಬಿದ್ದ ಮೇಲೆ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ: ಒರಿಜಿನಲ್ ಗಾಜಿಗೆ ಎಷ್ಟು, ಬೇರೆಯದಕ್ಕೆ ಎಷ್ಟು? ಗಾಜಿನ ಬೆಲೆಗೆ ಕೊಡುವ ಗಮನದ ಕಾಲುಭಾಗವೂ ಅದನ್ನು ಹಿಡಿದಿಡುವ ಅಂಟಿಗೆ ಸಿಗುವುದಿಲ್ಲ. ಚರ್ಚೆ ಆಗಬೇಕಾದದ್ದು ಆ ಅಂಟಿನ ಬಗ್ಗೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಕಲ್ಲಿನ ಲೆಕ್ಕ. ಸ್ಪೋರ್ಟ್ಸ್ ಕಾರಿನ ಮುಂಗಾಜು ಬಹಳ ಓರೆ. ನೆಟ್ಟಗಿನ ಗಾಜಿಗಿಂತ 60 ಡಿಗ್ರಿ ಹಿಂದಕ್ಕೆ ವಾಲಿದೆ ಎಂದುಕೊಂಡರೆ, ಎದುರಿನಿಂದ ನೇರವಾಗಿ ಬರುವ ಕಲ್ಲಿನ ವೇಗದಲ್ಲಿ ಗಾಜಿಗೆ ಲಂಬವಾಗಿ ತಾಗುವ ಪಾಲು ಅರ್ಧಕ್ಕೆ ಇಳಿಯುತ್ತದೆ. ಆ ದಿಕ್ಕಿನ ಪೆಟ್ಟಿನ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಿರುವಾಗ ಬಸ್ಸಿನ ನೆಟ್ಟಗಿನ ಗಾಜಿಗಿಂತ ಈ ಗಾಜು ಹೆಚ್ಚು ಬಾಳಬೇಕು. ಆದರೆ ಟಿಪ್ಪರಿನ ಬಾಡಿಯಿಂದ ಉದುರಿ ಮೇಲಿನಿಂದ ಬೀಳುವ ಕಲ್ಲಿಗೆ ಈ ಲೆಕ್ಕ ತಿರುವುಮುರುವಾಗುತ್ತದೆ. ನೆಲಕ್ಕೆ ಹತ್ತಿರ ಕೂತ, ಅಂಗಾತ ಮಲಗಿದಂತಿರುವ ಗಾಜಿಗೆ ಆ ಪೆಟ್ಟು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಬೀಳುತ್ತದೆ. ಆದ್ದರಿಂದ ತುಂಬಿದ ಟಿಪ್ಪರಿನ ಬೆನ್ನು ಹತ್ತದಿರುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ.

ಪೆಟ್ಟು ಬಿದ್ದಾಗ ಒಡೆಯುವುದು ಸಾಮಾನ್ಯವಾಗಿ ಹೊರಪದರ ಮಾತ್ರ. ಮುಂಗಾಜು ಎಂದರೆ ತಲಾ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಮುಕ್ಕಾಲು ಮಿ.ಮೀ. ದಪ್ಪದ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ಹಾಳೆ ಹರಿಯದಿದ್ದರೆ, ಒಳಗಾಜು ಸೀಳದಿದ್ದರೆ, ಪೂರಾ ಗಾಜು ಕೀಳುವ ಮೊದಲು ರೆಸಿನ್ ತುಂಬಿಸುವ ದುರಸ್ತಿಯನ್ನು ಯೋಚಿಸಬೇಕು. ನಿರ್ವಾತದಲ್ಲಿ ಒಳಗಿನ ಗಾಳಿ ತೆಗೆದು, ರೆಸಿನ್ ಇಳಿಸಿ, ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡುವ ಕೆಲಸ ಅದು. ಯಾವ ಗಾಯಕ್ಕೆ ದುರಸ್ತಿ ಸಾಕು, ಯಾವುದಕ್ಕೆ ಸಾಲದು ಎಂಬುದಕ್ಕೆ ಬ್ರಿಟನ್ನಿನ ವಾಹನ ತಪಾಸಣೆಯ ನಿಯಮ ಒಳ್ಳೆಯ ಅಳತೆಗೋಲು ಕೊಡುತ್ತದೆ: ಸ್ಟೀರಿಂಗ್ ಚಕ್ರದ ನೇರಕ್ಕೆ 290 ಮಿ.ಮೀ. ಅಗಲದ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ದೊಡ್ಡ ಗಾಯ ಇರಬಾರದು. ವೈಪರ್ ಒರೆಸುವ ಉಳಿದ ಜಾಗದಲ್ಲಿ 40 ಮಿ.ಮೀ.ವರೆಗೆ ಸೈರಿಸಬಹುದು. ನಮ್ಮಲ್ಲಿ ಅದು ಕಾನೂನಲ್ಲ, ಆದರೂ ನಿರ್ಧಾರಕ್ಕೆ ಉಪಯೋಗವಿದೆ. ಒಂದು ಷರತ್ತು: ಗಾಯದೊಳಗೆ ಧೂಳು, ನೀರು ಸೇರಬಾರದು. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಒಮ್ಮೆ ಹೊಕ್ಕರೆ ಯಾವ ರೆಸಿನ್ನೂ ಕಲೆಯನ್ನು ಅಳಿಸಲಾರದು. ಕಲ್ಲು ಬಿದ್ದ ಕೂಡಲೇ ಪಾರದರ್ಶಕ ಟೇಪು ಅಂಟಿಸಬೇಕು. ಬಿಸಿಲಲ್ಲಿ ಕಾದ ಗಾಜಿಗೆ ಎಸಿಯ ತಣ್ಣನೆ ಗಾಳಿ ಬಿಡುವುದು, ತಣ್ಣೀರು ಸುರಿಯುವುದು ಬಿರುಕನ್ನು ಬೆಳೆಸುವ ಖಚಿತ ದಾರಿಗಳು.

ಬಿರುಕಿಗೆ ಪೆಟ್ಟಿನ ಗುಂಡಿಯೇ ಇಲ್ಲದಿದ್ದರೆ? ಉಗುರಿಗೆ ಏನೂ ತಡೆಯದೆ, ಅಂಚಿನಿಂದ ಹೊರಟ ಸೀಳಾದರೆ ಅದು ಒತ್ತಡದ ಸೀಳು. ಚೌಕಟ್ಟು ತಿರುಚಿಕೊಂಡಿರಬಹುದು, ಹಿಂದಿನ ಸಲ ಕೂರಿಸಿದವರು ಅಂಚಿಗೆ ಜಾಗ ಬಿಡದೆ ಕೂರಿಸಿರಬಹುದು. ಕಾರಣ ತಿಳಿಯದೆ ಹೊಸ ಗಾಜು ಹಾಕಿಸಿದರೆ ಅದೂ ಅದೇ ಜಾಗದಲ್ಲಿ ಸೀಳುವ ಸಾಧ್ಯತೆಯಿದೆ.

ಗಾಜಿನ ಕಾನೂನು ಸರಳ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದಂತೆ ಕಾರಿನ ಮುಂಗಾಜು ಪದರಗಾಜೇ ಆಗಿರಬೇಕು, ಐಎಸ್ 2553ರ 2ನೇ ಭಾಗದ ಮಾನಕಕ್ಕೆ ಹೊಂದಬೇಕು, ಕನಿಷ್ಠ ಶೇ. 70ರಷ್ಟು ಬೆಳಕು ದಾಟಿಸಬೇಕು. ಒಡೆದರೆ ಪುಡಿಪುಡಿಯಾಗುವ ಟಫನ್ಡ್ ಗಾಜಿಗೆ ಇಲ್ಲಿ ಜಾಗವಿಲ್ಲ. ಆಮದು ಕಾರಿನ ಗಾಜಿನ ಮೂಲೆಯಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, 43ಆರ್ ಎಂಬ ಮುದ್ರೆ ಇರುತ್ತದೆ. ಅದು ಯುರೋಪಿನ ಮಾನಕ. ಯಾವ ಮುದ್ರೆಯೂ ಇಲ್ಲದ ಗಾಜನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ ಎನ್ನಬೇಕು. ಶೇ. 70ರ ಮಾತಿಗೆ ಇನ್ನೊಂದು ಸೇರಿಸಬೇಕು. ಆ ಅಳತೆ ನೇರ ನೋಟದ್ದು. 60 ಡಿಗ್ರಿ ಓರೆಯಲ್ಲಿ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 9ರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ನೇರ ನೋಟದಲ್ಲಿ ಇದು ಶೇ. 4 ಮಾತ್ರ. ಸ್ಪೋರ್ಟ್ಸ್ ಕಾರಿನ ಚಾಲಕ ನಿಜಕ್ಕೂ ಕಾಣುವುದು ಕಾಗದದ ಮೇಲಿನ ಅಂಕಿಗಿಂತ ಮಬ್ಬಾದ ರಸ್ತೆಯನ್ನು. ಹೊಸ ಗಾಜಿನ ಮೇಲೆ ಬಣ್ಣದ ಫಿಲ್ಮ್ ಹಾಕಿಸುವ ಆಸೆಗೆ ಇಷ್ಟು ಉತ್ತರ ಸಾಕು. ಅಗ್ಗದ ಗಾಜಿನ ಇನ್ನೊಂದು ದೋಷ ಅಲೆಅಲೆಯಾದ ನೋಟ. ಓರೆ ಹೆಚ್ಚಿದಷ್ಟೂ ಅದು ಎದ್ದು ಕಾಣುತ್ತದೆ. ಕೂರಿಸುವ ಮೊದಲೇ ಗಾಜನ್ನು ಕಾರಿನಲ್ಲಿರುವಷ್ಟೇ ಓರೆಯಾಗಿ ಹಿಡಿಸಿ, ಅದರ ಮೂಲಕ ಕರೆಂಟ್ ಕಂಬವೊಂದನ್ನು ನೋಡುತ್ತಾ ತಲೆ ಅತ್ತಿತ್ತ ಆಡಿಸಿ. ಕಂಬ ಬಳುಕಿದರೆ ಗಾಜು ವಾಪಸ್.

ಕರ್ನಾಟಕಕ್ಕೆ ಸ್ಪೋರ್ಟ್ಸ್ ಕಾರಿನ ಸ್ವಂತ ಚರಿತ್ರೆಯೂ ಒಂದಿಷ್ಟಿದೆ, ಮತ್ತು ಮುಂಗಾಜಿನ ಅತಿ ಕಠಿಣ ಪ್ರಕರಣಗಳು ಅಲ್ಲಿಯೇ ಸಿಗುತ್ತವೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಂದ ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ 848 ಸಿಸಿಯ ಎರಡು ಬಾಗಿಲಿನ ಪುಟ್ಟ ಕಾರು. ಹೆಸರಿಗೆ ಸ್ಪೋರ್ಟ್ಸ್ ಕಾರಲ್ಲ, ಆದರೆ ಹಗುರವಾಗಿದ್ದುದರಿಂದ ರೇಸುಗಾರರ ಕೈಗೆ ಹೋಯಿತು. 1998ರಲ್ಲಿ ಬೆಂಗಳೂರು ನೆಲೆಯ ಸ್ಯಾನ್ ಮೋಟಾರ್ಸ್ ತಂದ ಸ್ಯಾನ್ ಸ್ಟಾರ್ಮ್ ಮಾತ್ರ ನೇರ ಸ್ಪೋರ್ಟ್ಸ್ ಕಾರು: ಎರಡೇ ಸೀಟು, ತೆರೆದ ಮೇಲ್ಭಾಗ, ರೆನೋ ಎಂಜಿನ್, ತಯಾರಿಕೆ ಗೋವಾದಲ್ಲಿ. ಎರಡರದ್ದೂ ಮೈ ಫೈಬರ್‌ಗ್ಲಾಸಿನದು. ಇಂಥ ಕಾರನ್ನು ಇಟ್ಟುಕೊಂಡವರಿಗೆ ಮೊದಲ ತೊಡಕು ಗಾಜು ಸಿಗುವುದೇ ಇಲ್ಲ ಎಂಬುದು. ಪದರಗಾಜನ್ನು ಕತ್ತರಿಸಬಹುದು, ಹಾಗಾಗಿ ಅಷ್ಟೇ ಬಾಗಿರುವ ಬೇರೆ ಕಾರಿನ ದೊಡ್ಡ ಗಾಜನ್ನು ಅಳತೆಗೆ ಕೊಯ್ಯುವ ದಾರಿ ಒಂದಿದೆ. ಆದರೆ ಕೊಯ್ದ ಗಾಜು ತನ್ನ ಅಂಚಿನ ಕಪ್ಪುಪಟ್ಟಿಯನ್ನೂ ಹದಗೊಳಿಸಿದ ಅಂಚನ್ನೂ ಕಳೆದುಕೊಳ್ಳುತ್ತದೆ. ಆ ಕಪ್ಪುಪಟ್ಟಿ ಅಂದಕ್ಕೆಂದು ಬಳಿದದ್ದಲ್ಲ. ಕೆಳಗಿನ ಅಂಟಿಗೆ ಬಿಸಿಲು ತಾಗದಂತೆ ಕಾಯುವ ನೆರಳು ಅದು. ಎರಡನೆಯ ತೊಡಕು ಚೌಕಟ್ಟು. ಗಾಜು ಕೂರುವ ಅಂಚು ಉಕ್ಕೋ, ಅಲ್ಯೂಮಿನಿಯಮ್ಮೋ, ಫೈಬರ್‌ಗ್ಲಾಸೋ, ಕಾರ್ಬನ್ನೋ ಎಂದು ನೋಡಿಯೇ ಪ್ರೈಮರ್ ಆರಿಸಬೇಕು. ಎಲ್ಲಕ್ಕೂ ಒಂದೇ ಬಾಟಲಿ ಎನ್ನುವ ಅಂಗಡಿಯಿಂದ ಕಾರು ಹೊರಗೆ ತರುವುದು ಲೇಸು.

ಇತ್ತೀಚಿನ ಕಾರುಗಳ ತೊಡಕು ಬೇರೆ ಬಗೆಯದು. ಗಾಜಿನ ಮೇಲೆ ವೇಗದ ಅಂಕಿ ತೋರಿಸುವ ಕಾರಿಗೆ ನಡುವಿನ ಹಾಳೆ ಕೆಳಗಿನಿಂದ ಮೇಲಕ್ಕೆ ದಪ್ಪವಾಗುತ್ತಾ ಹೋಗುವ ವಿಶೇಷ ಗಾಜೇ ಬೇಕು. ಸಾದಾ ಗಾಜು ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತದೆ. 2017ರ ಫೋರ್ಡ್ ಜಿಟಿಯಲ್ಲಿ ಒಳಪದರಕ್ಕೆ ಮೊಬೈಲ್ ಪರದೆಗೆ ಹೆಸರಾದ ಗೊರಿಲ್ಲಾ ಗ್ಲಾಸನ್ನೇ ಬಳಸಿ ಗಾಜಿನ ತೂಕವನ್ನು ಸುಮಾರು ಮೂರನೇ ಒಂದು ಪಾಲು ಇಳಿಸಿದ್ದರು. ಅಳತೆ ಹೊಂದುವ ಗಾಜೆಲ್ಲ ಆ ಕಾರಿನ ಗಾಜಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಬದಲಿಸಿದ ಮೇಲೆ ಅದನ್ನು ಮತ್ತೆ ಹೊಂದಿಸಲೇಬೇಕು. ಕ್ಯಾಮೆರಾ ಒಂದೇ ಒಂದು ಡಿಗ್ರಿ ತಿರುಗಿದ್ದರೂ 100 ಮೀಟರ್ ಮುಂದೆ 1.75 ಮೀಟರ್ ತಪ್ಪುತ್ತದೆ. ಹೆದ್ದಾರಿಯ ಒಂದು ಲೇನಿನ ಅರ್ಧ ಅಗಲ ಅದು. ಈ ಹೊಂದಾಣಿಕೆಗೆ ಬೇಕಾದ ಫಲಕ, ಸಮತಟ್ಟಾದ ನೆಲ, ಸಾಫ್ಟ್‌ವೇರ್ ಮೂರೂ ಅಂಗಡಿಯಲ್ಲಿವೆಯೇ ಎಂದು ಮೊದಲೇ ಕೇಳಬೇಕು.

ಈಗ ಅಂಟು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂರುತ್ತಿತ್ತು. ಬೀಡಿಂಗಿನ ಸಂದಿಗೆ ಹುರಿ ಹಾಕಿ ಒಳಗಿನಿಂದ ಎಳೆದು ಕೂರಿಸುವ ಕೈಚಳಕ ಗೊತ್ತಿದ್ದರೆ ಆಯಿತು. ಈಗಿನದು ಮೆಕ್ಯಾನಿಕ್‌ಗಳ ಮಾತಿನಲ್ಲಿ ಪೇಸ್ಟಿಂಗ್ ಗ್ಲಾಸು. ಪಾಲಿಯುರೆಥೇನ್ ಅಂಟು ಗಾಜನ್ನೂ ಬಾಡಿಯನ್ನೂ ಒಂದಾಗಿಸುತ್ತದೆ, ಗಾಜೂ ಬಾಡಿಯ ಬಿಗಿಯಲ್ಲಿ ಪಾಲು ಪಡೆಯುತ್ತದೆ. ಎಡಗಡೆ ಕೂತವರ ಏರ್‌ಬ್ಯಾಗ್ ಉಬ್ಬುವಾಗ ಹಲವು ಕಾರುಗಳಲ್ಲಿ ಗಾಜಿಗೆ ಬೆನ್ನು ಕೊಟ್ಟೇ ನಿಲ್ಲುತ್ತದೆ. ಅಂಟು ಬಲಿಯದಿದ್ದರೆ ಗಾಜು ಹಾರಿಹೋಗುತ್ತದೆ, ಏರ್‌ಬ್ಯಾಗ್ ಅದರ ಹಿಂದೆ ಹೋಗುತ್ತದೆ. ಅಮೆರಿಕದ ನಿಯಮದಲ್ಲಿ ಏರ್‌ಬ್ಯಾಗ್ ಇರುವ ಕಾರನ್ನು ಗಂಟೆಗೆ 48 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿಸಿದಾಗ ಗಾಜಿನ ಅಂಚು ಎರಡೂ ಬದಿಯಲ್ಲಿ ಕನಿಷ್ಠ ಅರ್ಧದಷ್ಟಾದರೂ ಹಿಡಿದಿರಬೇಕು ಎಂದಿದೆ.

ಈ ಅಂಟು ಗಾಳಿಯ ತೇವ ಕುಡಿದು ಬಲಿಯುತ್ತದೆ. 23 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶದಲ್ಲಿ ದಿನಕ್ಕೆ ಸುಮಾರು 3ರಿಂದ 4 ಮಿ.ಮೀ. ಆಳಕ್ಕೆ, ಹೊರಗಿನಿಂದ ಒಳಗೆ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸುವುದು ಸುಲಭ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಒದ್ದೆ-ಒಣ ಬಲ್ಬಿನ ತಾಪಮಾಪಕ ತೂಗುಹಾಕಿ, ಚಾಕಿ ಎಂಬ ಎಳೆಯ ಹುಳುವಿಗೆ ಶೇ. 80ರಿಂದ 90, ದೊಡ್ಡ ಹುಳುವಿಗೆ ಶೇ. 70ರ ಸುಮಾರು ಎಂದು ತೇವ ಕಾಯುವ ಊರು ಇದು. ಹಾಗಾದರೆ ಬೇಸಿಗೆಯ ಒಣ ಹವೆಯಲ್ಲಿ ಅಂಟು ಬಲಿಯುವುದಿಲ್ಲವೇ? ಲೆಕ್ಕ ಹಾಕಿದರೆ ಆ ಭಯ ಅಷ್ಟಾಗಿ ನಿಲ್ಲುವುದಿಲ್ಲ. 35 ಡಿಗ್ರಿಯಲ್ಲಿ ತೇವಾಂಶ ಶೇ. 25ಕ್ಕೆ ಇಳಿದರೂ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಿರುತ್ತದೆ. 23 ಡಿಗ್ರಿ, ಶೇ. 50ರಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಒಣ ಎಂದು ತೋರುವ ಏಪ್ರಿಲ್ ಗಾಳಿ ಅಂಟಿನ ಮಟ್ಟಿಗೆ ಒಣದಲ್ಲ. ಕಷ್ಟದ ಹೊತ್ತು ಡಿಸೆಂಬರ್, ಜನವರಿಯ ಬೆಳಗು: 15 ಡಿಗ್ರಿಯಲ್ಲಿ ಶೇ. 60 ತೇವಾಂಶವಿದ್ದರೂ ನೀರು 8 ಗ್ರಾಂ ಒಳಗೆ, ಜೊತೆಗೆ ಚಳಿಯಿಂದ ಬಲಿಯುವ ಕ್ರಿಯೆಯೂ ನಿಧಾನ. ಬೇಸಿಗೆಯ ತೊಂದರೆ ಇನ್ನೊಂದು: ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ, ಅಷ್ಟರೊಳಗೆ ಗಾಜು ಕೂರಿಸದಿದ್ದರೆ ಹಿಡಿತ ಬರದು. ಬಿಸಿಲಲ್ಲಿ ಕಾದ ಬಾಡಿಗೆ ಬಯಲಲ್ಲೇ ಅಂಟು ಹಚ್ಚುವುದಕ್ಕೆ ನಾನು ಒಪ್ಪುವುದಿಲ್ಲ. ಮುಚ್ಚಿದ ಶೆಡ್ಡು ಬೇಕು, ಧೂಳಿಲ್ಲದ ನೆಲ ಬೇಕು. (ಖಾಲಿ ಬಿದ್ದ ಹುಳುಮನೆ ಇದೆಯಲ್ಲ ಎನ್ನುವವರಿಗೆ: ಪ್ರೈಮರಿನ ವಾಸನೆ ಮುಂದಿನ ಬೆಳೆಗೆ ಆಗಿಬರದು.)

ಹಳೆಯ ಅಂಟನ್ನು ಬುಡಮಟ್ಟ ಕೆರೆಯಬಾರದು. ಬಾಡಿಗೆ ಹಿಡಿದಿರುವ ಹಳೆಯ ಪಟ್ಟಿಯನ್ನು 1–2 ಮಿ.ಮೀ. ಉಳಿಸಿ ಸಮನಾಗಿ ಕೊಯ್ದು, ಅದರ ಮೇಲೆ ಹೊಸದನ್ನು ಹಚ್ಚುವುದು ಸರಿಯಾದ ಕ್ರಮ. ಚಾಕು ಬಣ್ಣ ಕಿತ್ತ ಕಡೆ ಪ್ರೈಮರ್ ಬಳಿಯದಿದ್ದರೆ ಉಕ್ಕು ತುಕ್ಕು ಹಿಡಿಯುತ್ತದೆ, ತುಕ್ಕಿನ ಜೊತೆ ಅಂಟೂ ಎದ್ದುಬರುತ್ತದೆ. ಸೋರುವ ಕಡೆ ಸಿಲಿಕೋನ್ ತುಂಬಿಸುವುದು ನಮ್ಮ ಬೀದಿಬದಿಯ ರೂಢಿ. ಅದರ ಮೇಲೆ ಮುಂದೆ ಪಾಲಿಯುರೆಥೇನ್ ಹಿಡಿಯುವುದಿಲ್ಲ. ಹಚ್ಚಿದ ಮೇಲೆ ಮೊದಲ ದಿನ ಬಾಗಿಲ ಗಾಜು ಒಂದಿಷ್ಟು ಇಳಿಸಿಯೇ ಇರಲಿ. ಸ್ಪೋರ್ಟ್ಸ್ ಕಾರಿನ ಒಳಜಾಗ ಕಿರಿದು, ಬಾಗಿಲು ಬಡಿದಾಗಿನ ಗಾಳಿಯ ಒತ್ತಡ ಹಸಿ ಅಂಟನ್ನೇ ತಳ್ಳುತ್ತದೆ. ಮೇಲ್ಭಾಗ ತೆರೆದ ಕಾರಿನಲ್ಲಂತೂ, ಕಾರು ಮಗುಚಿದರೆ ತಲೆ ಕಾಯುವ ಭಾರದ ಒಂದು ಪಾಲು ಮುಂಗಾಜಿನ ಚೌಕಟ್ಟಿನದು. ಅಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ದುಡ್ಡಿನ ಮಾತು ಚಿಕ್ಕದು, ಆದರೆ ಹೆಚ್ಚಿನವರು ತಪ್ಪಾಗಿ ತಿಳಿದದ್ದು. ವಿಮೆಯ ಸಾಮಾನ್ಯ ಪಾಲಿಸಿಯಲ್ಲೇ ಗಾಜಿಗೆ ಸವಕಳಿ ಕಡಿತವಿಲ್ಲ. ಪ್ಲಾಸ್ಟಿಕ್, ರಬ್ಬರಿಗೆ ಶೇ. 50, ಫೈಬರ್‌ಗ್ಲಾಸ್ ಭಾಗಗಳಿಗೆ ಶೇ. 30 ಕಡಿತ. 1500 ಸಿಸಿ ಮೀರಿದ ಕಾರಾದರೆ 2000 ರೂಪಾಯಿ ಕಡ್ಡಾಯ ಪಾಲು ಮಾಲೀಕರದು. ನಷ್ಟ ಇರುವುದು ನೋ ಕ್ಲೇಮ್ ಬೋನಸ್ಸಿನಲ್ಲಿ. ಶೇ. 50ರ ರಿಯಾಯಿತಿ ತಲುಪಿದವರು ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು, 20, 25, 35, 45 ಎಂದು ಮತ್ತೆ ಹತ್ತಬೇಕು. ಪ್ರೀಮಿಯಂ ಬದಲಾಗದೆ, ಮತ್ತೆ ಕ್ಲೇಮೂ ಆಗದೆ ಉಳಿಯಿತೆಂದುಕೊಂಡು ಕೂಡಿದರೆ, ಕಳೆದುಕೊಳ್ಳುವುದು ವರ್ಷದ ಸ್ವಂತ ಹಾನಿ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು. ಬೋನಸ್ ಉಳಿಸುವ ಆಡ್-ಆನ್ ಇಲ್ಲದಿದ್ದರೆ, ಗಾಜಿನ ಬಿಲ್ಲು ಅದಕ್ಕಿಂತ ಕಡಿಮೆಯಿದ್ದಾಗ ಕೈಯಿಂದ ಕೊಡುವುದೇ ಲಾಭ. ಕ್ಲೇಮ್ ಮಾಡುವುದಾದರೆ ಹಳೆಯ ಗಾಜು ಕೀಳುವ ಮೊದಲೇ ಕಂಪನಿಗೆ ತಿಳಿಸಬೇಕು. ಫಾಸ್ಟ್ಯಾಗನ್ನು ಬಿಡಿಸಿ ಮತ್ತೆ ಅಂಟಿಸಲಾಗದು. ಕೊಟ್ಟ ಬ್ಯಾಂಕಿನಿಂದ ಹೊಸದು ಪಡೆಯಬೇಕು. ಹೊಸ ಗಾಜಿಗೆ ಶಾಖ ತಡೆಯುವ ಲೋಹದ ಲೇಪವಿದ್ದರೆ, ಲೇಪ ಬಿಟ್ಟ ಕಿಂಡಿ ಎಲ್ಲಿದೆ ಎಂದು ನೋಡಿ ಅಲ್ಲಿಯೇ ಅಂಟಿಸಬೇಕು.

ಅಂಗಡಿಯವರಲ್ಲಿ ಮಾಲೀಕರು ಕೇಳಲೇಬೇಕಾದದ್ದು ಒಂದಿದೆ. ಅಂಟಿನ ಹೆಸರು, ಟ್ಯೂಬಿನ ಮೇಲಿರುವ ಅವಧಿ ಮುಗಿಯುವ ತಾರೀಖು, ಆ ದಿನದ ಹವೆಗೆ ತಯಾರಕರು ಹೇಳಿದ, ಕಾರು ಓಡಿಸಬಹುದಾದ ಕನಿಷ್ಠ ಸಮಯ, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಲ್ಲಿ ಎಂಥ ಒರಿಜಿನಲ್ ಗಾಜಿದ್ದರೂ ಕಾರು ಬಿಡಬೇಡಿ.